ಮಾಂಗಲ್ಯದ ಕೆಳಗಿನ ನವೆ: ನಿಕಲ್ ಅಲರ್ಜಿಯ ಒಂದು ಪ್ರಕರಣ

ಬಯಲುಸೀಮೆಯ ಒಂದು ತಾಲ್ಲೂಕು ಊರಿನಲ್ಲಿ ನನ್ನದು ಚರ್ಮರೋಗದ ಕ್ಲಿನಿಕ್. ಎರಡು ತಿಂಗಳು ತಪ್ಪು ದಾರಿಯಲ್ಲಿ ನಡೆದು ಆಮೇಲೆ ದಾರಿ ಕಂಡುಕೊಂಡ ಪ್ರಕರಣವೊಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ರೋಗಿಯ ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಚರ್ಮದ ಮೇಲೆ ಕಂಡದ್ದನ್ನೂ ನಾನು ಮಾಡಿದ ತಪ್ಪನ್ನೂ ಇದ್ದ ಹಾಗೇ ಬಿಟ್ಟಿದ್ದೇನೆ.

ಹಿನ್ನೆಲೆ

ಆಕೆಗೆ ಇಪ್ಪತ್ತೈದರ ಆಸುಪಾಸು. ಖಾಸಗಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮದುವೆಯಾಗಿ ವರ್ಷ ದಾಟಿತ್ತು. ಅತ್ತೆ, ಮಾವ, ಗಂಡ, ಮದುವೆಯ ವಯಸ್ಸಿಗೆ ಬಂದ ನಾದಿನಿ ಇರುವ ಮನೆ. ಕೊರಳಲ್ಲಿ ಎರಡೆಳೆ ಕರಿಮಣಿಯ ಮಾಂಗಲ್ಯ ಸರ, ತವರಿನವರು ಮಾಡಿಸಿಕೊಟ್ಟದ್ದು, 22 ಕ್ಯಾರೆಟ್. ಈ ಕೊನೆಯ ವಿವರವನ್ನು ಕೇಳದೆಯೇ ಹೇಳಿದರು. ಯಾಕೆಂಬುದು ಆಮೇಲೆ ಗೊತ್ತಾಯಿತು.

ಮೊದಲ ಸಲ ಬಂದದ್ದು ಏಪ್ರಿಲ್ ನಡುವಿನಲ್ಲಿ, ಶಾಲೆಗೆ ಬೇಸಿಗೆ ರಜೆ ಶುರುವಾದ ವಾರ. ಎದೆಯ ನಡುವೆ, ರವಿಕೆಯ ಕತ್ತಿನಂಚಿನಿಂದ ಸ್ವಲ್ಪ ಕೆಳಕ್ಕೆ, ಅಂಗೈ ಅಗಲದ ಕಲೆ. ನಡುವೆ ಕೆಂಪು, ಸಾಸಿವೆ ಕಾಳಿನಷ್ಟು ಸಣ್ಣ ನೀರುಗುಳ್ಳೆಗಳು, ಕೆರೆದು ಕೆರೆದು ಒಡೆದ ಜಾಗದಲ್ಲಿ ಹಳದಿ ಹಕ್ಕಳೆ, ಅಂಚಿನಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿತ್ತು. ಮೂರು ತಿಂಗಳಿಂದ ಇದೆ ಎಂದರು. ಎರಡೂ ಕಿವಿಹಾಲೆಯ ತೂತಿನ ಸುತ್ತ ಸಿಪ್ಪೆ ಎದ್ದಿತ್ತು. ಅದನ್ನು ಕೇಳಿದ್ದಕ್ಕೆ ಆಕೆ, "ಕಿವಿ ಬಿಡಿ ಮೇಡಂ, ಪಿಯುಸಿ ಓದುವಾಗಿಂದ್ಲೂ ಹಾಗೇ, ಬರುತ್ತೆ ಹೋಗುತ್ತೆ" ಅಂದಳು. ನಾನೂ ಬಿಟ್ಟೆ. ಈಗ ಯೋಚಿಸಿದರೆ ಇಡೀ ಪ್ರಕರಣ ಆ ಒಂದು ಮಾತಿನಲ್ಲಿತ್ತು.

ಪಕ್ಕದಲ್ಲಿ ಅತ್ತೆ ಕೂತಿದ್ದರು. ಅವರ ಪ್ರಶ್ನೆ ಒಂದೇ: "ಚಿನ್ನ ಚೊಕ್ಕವಾಗಿದ್ದಿದ್ರೆ ಮೈಗೆ ಹೀಗೆ ಹತ್ತುತ್ತಾ?" ಸೊಸೆ ತಲೆ ತಗ್ಗಿಸಿದಳು. ನವೆಗಿಂತ ಆ ಪ್ರಶ್ನೆಯೇ ಅವಳನ್ನು ಹೆಚ್ಚು ತಿನ್ನುತ್ತಿತ್ತು.

ಅದುವರೆಗೆ ಮಾಡಿದ್ದು

ಮೊದಲು ನಂಜು ಎಂದುಕೊಂಡು ಬದನೆಕಾಯಿ, ಕಡಲೆಕಾಯಿ, ಒಣಮೀನು ಬಿಟ್ಟಿದ್ದರು. ಬೇವಿನ ಸೊಪ್ಪು ಅರಿಶಿನ ಅರೆದು ಹಚ್ಚಿದ್ದರು. ಆಮೇಲೆ ಔಷಧಿ ಅಂಗಡಿಯವನು ಕೊಟ್ಟ ಟ್ಯೂಬು. ಅದನ್ನು ತಂದಿದ್ದಳು, ಬಾಲ ಹಿಂಡಿ ಹಿಂಡಿ ಸುರುಳಿ ಸುತ್ತಿತ್ತು. ಬಲವಾದ ಸ್ಟಿರಾಯ್ಡ್, ಹುಳುಕಡ್ಡಿ ಔಷಧಿ, ಜೊತೆಗೆ ನಿಯೋಮೈಸಿನ್ ಎಂಬ ಆಂಟಿಬಯಾಟಿಕ್, ಎಲ್ಲ ಒಂದರಲ್ಲೇ ಬೆರೆಸಿದ ಕ್ರೀಮು. ಯಾವ ರೋಗವೆಂದು ತಿಳಿಯದಿದ್ದಾಗ ಎಲ್ಲ ರೋಗಕ್ಕೂ ಒಂದೇ ಸಲ ಗುಂಡು ಹೊಡೆಯುವ ಈ ಬಗೆಯ ಟ್ಯೂಬುಗಳು ನಮ್ಮ ಕಡೆ ಕಾಫಿಪುಡಿಯಷ್ಟು ಸಲೀಸಾಗಿ ಸಿಗುತ್ತವೆ. ಹಚ್ಚಿದರೆ ಎರಡು ದಿನ ತಗ್ಗುವುದು, ಬಿಟ್ಟರೆ ಮತ್ತೆ ಏಳುವುದು. ಕಡೆಕಡೆಗೆ ಹಚ್ಚಿದಷ್ಟು ಅಗಲಕ್ಕೂ ನೀರು ಸೋರತೊಡಗಿತ್ತು. ಊರಿನ ಡಾಕ್ಟರೊಬ್ಬರು ಒಂದು ಇಂಜೆಕ್ಷನ್ ಕೊಟ್ಟಾಗ ಮೂರು ವಾರ ಪೂರ್ತಿ ಮಾಯವಾಗಿತ್ತಂತೆ.

ನನ್ನ ಮೊದಲ ತೀರ್ಮಾನ, ಅದರ ಪರಿಣಾಮ

ಸರ ಇರುವ ಜಾಗದಲ್ಲಿ ಕಲೆ, ಬೇಸಿಗೆಯ ಬೆವರು, ಮದುವೆಯ ನಂತರ ಶುರು. ಸರಕ್ಕೇ ಅಲರ್ಜಿ ಎಂದುಕೊಂಡೆ. ಟ್ಯೂಬು ನಿಲ್ಲಿಸಿ ಬೇರೆ ಮುಲಾಮು ಕೊಟ್ಟು, "ಮೂರು ವಾರ ಸರ ತೆಗೆದಿಟ್ಟು ನೋಡಿ" ಎಂದೆ.

ವೈದ್ಯಶಾಸ್ತ್ರದ ಲೆಕ್ಕದಲ್ಲಿ ಸರಿಯಾದ ಮಾತೇ. ಆದರೆ ಅದನ್ನು ಆಡಿದ ಕೂಡಲೆ ಕೋಣೆ ತಣ್ಣಗಾಯಿತು. ಹೊಸ ಸೊಸೆಯ ಕೊರಳಿನಿಂದ ತಾಳಿ ತೆಗೆಸುವುದು ಮುಲಾಮು ಬದಲಿಸಿದಷ್ಟು ಸುಲಭವಲ್ಲ. ಅವರೇ ಒಂದು ದಾರಿ ಹುಡುಕಿಕೊಂಡರು: ಮಾಂಗಲ್ಯವನ್ನು ಸರದಿಂದ ಬಿಚ್ಚಿ ಅರಿಶಿನದ ದಾರಕ್ಕೆ ಕಟ್ಟಿಕೊಂಡರು, ಸರ ಬೀರು ಸೇರಿತು.

ಮೂರು ವಾರ ಬಿಟ್ಟು ಬಂದಾಗ ಸೋರುವುದು ನಿಂತಿತ್ತು, ಆದರೆ ಕಲೆ ಹಾಗೇ ಇತ್ತು. ಗುಳ್ಳೆ ಹೊಸದಾಗಿ ಏಳುತ್ತಲೇ ಇದ್ದವು. ಸರ ತೆಗೆದರೂ ಹೋಗಲಿಲ್ಲ ಅಂದಮೇಲೆ ಸರ ಕಾರಣವಲ್ಲ ಎಂದು ಲೆಕ್ಕ ಹಾಕಿದೆ. ಅಷ್ಟರಮಟ್ಟಿಗೆ ಸರಿ. ಆದರೆ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ, ಹಾಗಾದರೆ ಲೋಹವೇ ಅಲ್ಲ ಎಂದುಕೊಂಡೆ. ಎಡವಿದ್ದು ಅಲ್ಲಿ. ಅರಿಶಿನ, ಕುಂಕುಮಕ್ಕೂ ಕೆಲವರಿಗೆ ಸ್ಪರ್ಶದ ಅಲರ್ಜಿ ಬರುವುದುಂಟು. ಹಣೆಬೊಟ್ಟಿನ ಅಂಟಿಗಂತೂ ಸಾಮಾನ್ಯ. ದಾರಕ್ಕೆ ಅರಿಶಿನ ಹಚ್ಚಬೇಡಿ, ಬಿಳಿ ದಾರ ಹಾಕಿ ಎಂದೆ. ಅದರಿಂದಲೂ ಏನೂ ಆಗಲಿಲ್ಲ.

ಈ ನಡುವೆ ಮನೆಯವರು ಸರವನ್ನು ಅಕ್ಕಸಾಲಿಗರ ಬಳಿ ಒಯ್ದು ಒರೆಗಲ್ಲಿಗೆ ಉಜ್ಜಿಸಿದ್ದರು. ಚಿನ್ನ ಹೇಳಿದಷ್ಟೇ ಇತ್ತು. ಹಾಲ್‌ಮಾರ್ಕೂ ಇತ್ತು. ಆದರೆ 916 ಎಂಬ ಗುರುತು ನೂರಕ್ಕೆ 91.6 ಭಾಗ ಚಿನ್ನವೆಂದು ಹೇಳುತ್ತದೆಯೇ ಹೊರತು ಉಳಿದ ಎಂಟು ಚಿಲ್ಲರೆ ಭಾಗ ಏನೆಂದು ಹೇಳುವುದಿಲ್ಲ. ನಮ್ಮಲ್ಲಿ ಹಳದಿ ಚಿನ್ನಕ್ಕೆ ಸಾಮಾನ್ಯವಾಗಿ ಬೆರೆಸುವುದು ತಾಮ್ರ, ಬೆಳ್ಳಿ. ಚರ್ಮಕ್ಕೆ ಅಲರ್ಜಿ ತರುವ ಲೋಹವಾದ ನಿಕಲ್ಲಿನ ಭಯ ಹೆಚ್ಚಿರುವುದು ಬಿಳಿ ಚಿನ್ನದಲ್ಲಿ, ಮತ್ತು ಒನ್ ಗ್ರಾಂ ಗೋಲ್ಡ್ ಎನ್ನುವ ಗಿಲೀಟು ಒಡವೆಗಳಲ್ಲಿ. ಇವುಗಳ ಹಿತ್ತಾಳೆ ಅಥವಾ ತಾಮ್ರದ ಮೈಗೂ ಮೇಲಿನ ಚಿನ್ನದ ಪೊರೆಗೂ ನಡುವೆ ಎಷ್ಟೋ ಸಲ ನಿಕಲ್ಲಿನ ಪದರ ಇರುತ್ತದೆ. ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿಯ ಚೂರೂ ಇಲ್ಲ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ.

ಮೇ ಕೊನೆಗೆ ಆಕೆ ನನ್ನಲ್ಲಿ ಗುಣ ಕಾಣದೆ ಮತ್ತೆ ಊರಿನ ಇಂಜೆಕ್ಷನ್ ಹಾಕಿಸಿಕೊಂಡಳು. ಹೇಳಲು ಹೆದರಿ ಹೇಳಿದಳು. ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿರಲಿಲ್ಲ.

ತಿರುವು

ಜೂನ್ ಕೊನೆಗೆ ಬಂದಾಗ ಒಬ್ಬಳೇ ಬಂದಿದ್ದಳು, ಶಾಲೆಯಿಂದ ನೇರವಾಗಿ, ಸೀರೆಯಲ್ಲಿ. ಹಿಂದಿನ ಸಲಗಳಲ್ಲಿ ರಜೆಯಿದ್ದುದರಿಂದ ಮನೆಯಲ್ಲಿ ನೈಟಿ, ಹೊರಗೆ ಚೂಡಿದಾರ. ಎದೆಯ ಕಲೆ ಇಂಜೆಕ್ಷನ್ನಿನಿಂದ ತಗ್ಗಿದ್ದದ್ದು ಮತ್ತೆ ಎದ್ದಿತ್ತು. ಹೊಸದಾಗಿ ಎಡ ಭುಜದ ಮೇಲೆ ರೂಪಾಯಿ ನಾಣ್ಯದಷ್ಟು ಕೆಂಪು, ಹೊಕ್ಕುಳಿನ ಪಕ್ಕ ಇನ್ನೊಂದು. ಭುಜದ್ದು ಮುಟ್ಟಿ, "ಇಲ್ಲೇನಮ್ಮ?" ಎಂದೆ.

"ಅಲ್ಲಿ ಸೆರಗಿಗೆ ಪಿನ್ನು ಹಾಕ್ತೀನಿ ಮೇಡಂ."

"ಇಲ್ಲಿ?"

"ನೆರಿಗೆಗೆ."

ಎದೆಯ ದಾರವನ್ನು ಮೇಲಕ್ಕೆ ಎಳೆದು ತೋರಿಸು ಎಂದೆ. ಎರಡು ಮಾಂಗಲ್ಯದ ಬಟ್ಟಲು, ಹವಳ, ಅವುಗಳ ಪಕ್ಕದಲ್ಲಿ ಗೊಂಚಲಾಗಿ ನಾಲ್ಕು ಸೇಫ್ಟಿ ಪಿನ್ನು. ಒಂದರ ಹೊಳಪು ಹೋಗಿ ಬಾಗಿದ ಜಾಗ ಮಾಸಲಾಗಿತ್ತು. ಇವು ಯಾವಾಗಿಂದ ಇವೆ ಎಂದಾಗ ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇವಾ? ಯಾವಾಗ್ಲೂ ಇರ್ತಾವಲ್ಲ ಮೇಡಂ. ಸರದಲ್ಲಿದ್ವು, ದಾರ ಹಾಕ್ಕೊಂಡಾಗ ದಾರಕ್ಕೆ ಸಿಕ್ಕಿಸ್ಕೊಂಡೆ."

ಸರ ಹೋಯಿತು, ಅರಿಶಿನ ಹೋಯಿತು, ಪಿನ್ನು ಮಾತ್ರ ಸ್ಥಳ ಬಿಡದೆ ಜೊತೆಗೇ ಬಂದಿತ್ತು. ಮೂರು ಸಲ ಪರೀಕ್ಷೆ ಮಾಡಿದ ನಾನು ಒಂದು ಸಲವೂ ಅದನ್ನು ನೋಡಿರಲಿಲ್ಲ. ಕಣ್ಣಿಗೆ ಬಿದ್ದಿರಲಿಲ್ಲ ಅಂತಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ, ರವಿಕೆಯ ಹುಕ್ಕು ಕಿತ್ತರೆ, ಚಪ್ಪಲಿಯ ಉಂಗುಷ್ಟ ತುಂಡಾದರೆ ಇರಲಿ ಎಂದು ನಮ್ಮ ಕಡೆಯ ಹೆಂಗಸರು ತಾಳಿಸರಕ್ಕೆ ಪಿನ್ನು ಸಿಕ್ಕಿಸಿಕೊಳ್ಳುವುದು ಎಷ್ಟು ವಾಡಿಕೆಯೆಂದರೆ, ಆ ಹೊತ್ತಿಗೆ ನನ್ನ ಸರದಲ್ಲೂ ಎರಡು ನೇತಾಡುತ್ತಿದ್ದವು.

ಪಿನ್ನು ಉಕ್ಕಿನ ತಂತಿ. ತುಕ್ಕು ಹಿಡಿಯದಿರಲಿ, ಹೊಳೆಯಲಿ ಎಂದು ಅದಕ್ಕೆ ಬಹಳ ಸಲ ನಿಕಲ್ಲಿನ ಲೇಪ ಕೊಡುತ್ತಾರೆ. ಬೆವರಿನ ಉಪ್ಪು ಆ ಲೇಪವನ್ನು ಸ್ವಲ್ಪಸ್ವಲ್ಪವೇ ಕರಗಿಸುತ್ತದೆ, ಕರಗಿದ್ದು ಚರ್ಮದೊಳಕ್ಕೆ ಇಳಿಯುತ್ತದೆ. ಒಮ್ಮೆ ದೇಹದ ಕಾವಲಿನ ಟಿ ಜೀವಕೋಶಗಳು ಅದನ್ನು ಹಗೆಯೆಂದು ಗುರುತು ಹಾಕಿಕೊಂಡರೆ ಆ ನೆನಪು ಸಾಮಾನ್ಯವಾಗಿ ಆಯುಷ್ಯಪೂರ್ತಿ ಉಳಿಯುತ್ತದೆ. ಮೊದಲ ಗುರುತು ಬೀಳುವುದು ಹೆಚ್ಚಾಗಿ ಕಿವಿ ಚುಚ್ಚಿದ ಜಾಗದಲ್ಲಿ, ಅಲ್ಲಿ ಲೋಹಕ್ಕೂ ಮಾಂಸಕ್ಕೂ ನಡುವೆ ತಡೆಯೇ ಇಲ್ಲ. ಇವಳ ವಿಷಯದಲ್ಲೂ ಪಿಯುಸಿಯ ದಿನಗಳಲ್ಲಿ ಹಾಕಿದ ಜಾತ್ರೆಯ ಜುಮುಕಿಯೇ ಶುರು ಮಾಡಿರಬೇಕು. ಅಷ್ಟು ವರ್ಷ ಕಿವಿ ಹೇಳುತ್ತಿದ್ದದ್ದನ್ನು ಮದುವೆಯಾದ ಮೇಲೆ ಎದೆಯೂ ಹೇಳಿತು.

ಬಿಳಿ ಕಾಗದದ ಮೇಲೆ ಒಡವೆ

ಪಿನ್ನುಗಳನ್ನು ಅಂದೇ ತೆಗೆಸಿದೆ. ಆದರೆ ಊಹೆಯ ಮೇಲೆ ಈಗಾಗಲೇ ಎರಡು ಸಲ ಸೋತಿದ್ದೆ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಲವಣ ಪರೀಕ್ಷೆಗೆ ಇಟ್ಟಿರುವ ಡೈಮೀಥೈಲ್‌ಗ್ಲೈಆಕ್ಸಿಮ್ ಎಂಬ ದ್ರಾವಣ ಇದಕ್ಕೆ ಸಾಕು. ನಿಕಲ್ ಸಿಕ್ಕರೆ ಅದು ಗುಲಾಬಿಗೆ ತಿರುಗುತ್ತದೆ. 1905ರಲ್ಲಿ ರಷ್ಯದ ಚುಗಾಯೆವ್ ಕಂಡುಹಿಡಿದ ಗುಣ ಇದು. ಪರಿಚಯದ ಉಪನ್ಯಾಸಕರೊಬ್ಬರು ಸಣ್ಣ ಬಾಟಲಿ ಕೊಟ್ಟರು.

ಮುಂದಿನ ವಾರ ಅತ್ತೆ, ಸೊಸೆ ಇಬ್ಬರನ್ನೂ ಕರೆಸಿದೆ. ಇದು ಬೇಕೆಂದೇ ಮಾಡಿದ ತೀರ್ಮಾನ. ಬಿಳಿ ಕಾಗದದ ಮೇಲೆ ಎಲ್ಲ ಹರಡಿದೆವು: ಸರ, ಮಾಂಗಲ್ಯ, ಚಿನ್ನದ ಓಲೆ, ಗಿಲೀಟು ಜುಮುಕಿ, ವಾಚು, ಪಿನ್ನುಗಳು, ಬೀರುವಿನ ಬೀಗದ ಕೈ. ಹತ್ತಿ ಸುತ್ತಿದ ಕಡ್ಡಿಗೆ ದ್ರಾವಣದ ಎರಡು ಹನಿ, ಅಮೋನಿಯದ ಎರಡು ಹನಿ ಹಾಕಿ ಒಂದೊಂದನ್ನೂ ಅರ್ಧ ನಿಮಿಷ ಉಜ್ಜಬೇಕು. ಅಮೋನಿಯದ ಘಾಟಿಗೆ ಮೂವರೂ ಮೂಗು ಮುಚ್ಚಿಕೊಂಡೆವು.

ಮೊದಲು ಉಜ್ಜಿದ್ದು ಸರ. ಹತ್ತಿ ಬೆಳ್ಳಗೇ ಉಳಿಯಿತು. ಮಾಂಗಲ್ಯ, ಅದೂ ಬಿಳಿ. ಪಿನ್ನಿಗೆ ತಾಗಿಸಿ ನಾಲ್ಕು ಸಲ ಉಜ್ಜುವಷ್ಟರಲ್ಲಿ ಹತ್ತಿಯ ತುದಿ ರೋಜಾ ಹೂವಿನ ಎಸಳಿನ ಬಣ್ಣಕ್ಕೆ ಬಂತು. ನಾಲ್ಕೂ ಪಿನ್ನು ಹಾಗೇ. ಜುಮುಕಿಯ ಬುಟ್ಟಿಗೆ ಬಣ್ಣ ಬರಲಿಲ್ಲ, ಕಿವಿಯ ತೂತಿನೊಳಗೆ ಹೋಗುವ ಕೊಂಡಿಗೆ ಬಂತು. ಅಲ್ಲಿ ಚಿನ್ನದ ಪೊರೆ ಸವೆದಿತ್ತು. ನಾನು ನಿರೀಕ್ಷಿಸದೆ ಇದ್ದದ್ದು ಚಿನ್ನದ ಓಲೆ. ಓಲೆ ಬಿಳಿ, ಅದರ ಒಂದು ತಿರುಪು ಗುಲಾಬಿ. ಎರಡು ವರ್ಷದ ಹಿಂದೆ ತಿರುಪು ಕಳೆದುಹೋಗಿ ಫ್ಯಾನ್ಸಿ ಸ್ಟೋರಿನದು ಹಾಕಿಸಿಕೊಂಡಿದ್ದಳಂತೆ. ಚಿನ್ನದ ಓಲೆ ಹಾಕಿದಾಗಲೂ ಎಡಗಿವಿ ಯಾಕೆ ವಾಸಿಯಾಗುತ್ತಿರಲಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿತು.

ಅತ್ತೆ ಏನೂ ಹೇಳಲಿಲ್ಲ. ಸರಕ್ಕೆ ಉಜ್ಜಿದ ಕಡ್ಡಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ಮರುದಿನ ಸರ ಬೀರುವಿನಿಂದ ಸೊಸೆಯ ಕೊರಳಿಗೆ ಬಂತು. ಆ ಮನೆಯಲ್ಲಿ ನನ್ನ ಯಾವ ಮುಲಾಮೂ ಆ ಬಿಳಿ ಹತ್ತಿಯಷ್ಟು ಕೆಲಸ ಮಾಡಿಲ್ಲ.

ಒಂದು ಎಚ್ಚರಿಕೆ: ಗುಲಾಬಿ ಬಂದರೆ ನಂಬಬಹುದು, ಬರದಿದ್ದರೆ ಅಷ್ಟು ಖಾತ್ರಿಯಿಲ್ಲ. ಪೊರೆ ಗಟ್ಟಿಯಾಗಿರುವ ಹೊಸ ಒಡವೆ ಇಂದು ಬಿಳಿ ತೋರಿಸಿ, ಸವೆದ ಮೇಲೆ ಬಣ್ಣ ತೋರಿಸಬಹುದು.

ಬೆನ್ನಿನ ಪರೀಕ್ಷೆ

ಪಿನ್ನಿನಲ್ಲಿ ನಿಕಲ್ ಇದೆ ಎಂದಾಯಿತು. ಅವಳ ಚರ್ಮಕ್ಕೆ ನಿಕಲ್ ಆಗದು ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಪ್ಯಾಚ್ ಟೆಸ್ಟ್ ಬೇಕು. ಇಂಜೆಕ್ಷನ್ನಿನ ಸ್ಟಿರಾಯ್ಡ್ ಮೈಯಲ್ಲಿರುವಾಗ ಮಾಡಿದರೆ ಪ್ರತಿಕ್ರಿಯೆ ಅಡಗಿಹೋಗಬಹುದೆಂದು ಜುಲೈ ನಡುವಿನವರೆಗೆ ಕಾದೆವು. ಸೋಮವಾರ ಬೆನ್ನಿನ ಮೇಲ್ಭಾಗಕ್ಕೆ ಸಣ್ಣ ಸಣ್ಣ ಬಿಲ್ಲೆಗಳಲ್ಲಿ ವ್ಯಾಸಲೀನಿನಲ್ಲಿ ಬೆರೆಸಿದ ಪದಾರ್ಥಗಳನ್ನು ಅಂಟಿಸಿದೆ. ನಿಕಲ್ ಸಲ್ಫೇಟ್ ನೂರಕ್ಕೆ 5ರ ಪ್ರಮಾಣದಲ್ಲಿ, ಜೊತೆಗೆ ಕೋಬಾಲ್ಟ್, ಕ್ರೋಮಿಯಂ, ಸುಗಂಧ, ನಿಯೋಮೈಸಿನ್ ಮುಂತಾದವು. ಅವರ ಮನೆಯ ಅರಿಶಿನವನ್ನೂ ಸೇರಿಸಿದೆ. ಎರಡು ದಿನ ಬೆನ್ನು ನೆನೆಸುವಂತಿಲ್ಲ.

ಬುಧವಾರ, 48 ಗಂಟೆಗೆ ತೆಗೆದಾಗ ನಿಕಲ್ಲಿನ ಜಾಗ ಆಗಲೇ ಕೆಂಪಾಗಿ ಉಬ್ಬಿತ್ತು. ಉಳಿದವೆಲ್ಲ ಖಾಲಿ. ಮತ್ತೆ ಶುಕ್ರವಾರ ಬರಬೇಕೆಂದಾಗ "ಗೊತ್ತಾಯ್ತಲ್ಲ ಮೇಡಂ, ಶಾಲೆಗೆ ರಜೆ ಸಿಗಲ್ಲ" ಎಂದಳು. ಒತ್ತಾಯ ಮಾಡಿ ಕರೆಸಿದೆ. 96 ಗಂಟೆಗೆ ನಿಕಲ್ಲಿನ ಜಾಗದಲ್ಲಿ ನೀರುಗುಳ್ಳೆ, ಪ್ರತಿಕ್ರಿಯೆಯ ಬಲ ಎರಡು ಪ್ಲಸ್ ಎಂದು ಬರೆದುಕೊಂಡೆ. ಬುಧವಾರ ಖಾಲಿಯಿದ್ದ ನಿಯೋಮೈಸಿನ್ ಜಾಗವೂ ಕೆಂಪಾಗಿ ಗಡುಸಾಗಿತ್ತು, ಒಂದು ಪ್ಲಸ್. ನಿಯೋಮೈಸಿನ್ ತಡವಾಗಿ ಏಳುವ ಜಾತಿ. ಬುಧವಾರದ ಓದಿಗೇ ನಿಂತಿದ್ದರೆ ಅದು ಕೈತಪ್ಪುತ್ತಿತ್ತು. ಆ ಟ್ಯೂಬು ಹಚ್ಚಿದಷ್ಟು ಅಗಲಕ್ಕೂ ಯಾಕೆ ನೀರು ಸೋರುತ್ತಿತ್ತು ಎಂಬುದು ಆಗ ಬಿಡಿಸಿತು: ಒಂದು ಅಲರ್ಜಿಯ ಮೇಲೆ ಇನ್ನೊಂದನ್ನು ಸವರುತ್ತಿದ್ದಳು, ಅದೇ ಟ್ಯೂಬಿನ ಸ್ಟಿರಾಯ್ಡ್ ಅದನ್ನು ಅರೆಬರೆ ಮುಚ್ಚಿಡುತ್ತಿತ್ತು. ಅರಿಶಿನಕ್ಕೆ ಏನೂ ಆಗಿರಲಿಲ್ಲ.

ನಿರ್ವಹಣೆ

ಔಷಧಿಯ ಭಾಗ ಸಣ್ಣದು. ಮಧ್ಯಮ ಬಲದ ಸ್ಟಿರಾಯ್ಡ್ ಮುಲಾಮು ದಿನಕ್ಕೊಮ್ಮೆ ಎರಡು ವಾರ, ಆಮೇಲೆ ಬರೀ ವ್ಯಾಸಲೀನ್. ನಿಯೋಮೈಸಿನ್ ಬೇಡವೆಂದು ಚೀಟಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಲು ಕೊಟ್ಟೆ.

ಕಷ್ಟವಾದದ್ದು ಸೀರೆ. ಶಾಲೆಗೆ ಸೀರೆ ಕಡ್ಡಾಯ, ಮಕ್ಕಳ ನಡುವೆ ಪಿನ್ನಿಲ್ಲದೆ ಸೆರಗು ನಿಲ್ಲದು. ಪಿನ್ನಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯಿರಿ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದೆ. ಹತ್ತು ದಿನಕ್ಕೆ ಬೆವರಿಗೆ ಸಿಪ್ಪೆ ಎದ್ದು ಹೋಯಿತು. ಮುಚ್ಚಿ ಬಿಚ್ಚುವ ವಸ್ತುವಿಗೆ ಆ ಉಪಾಯ ನಿಲ್ಲುವುದಿಲ್ಲ. ಕೊನೆಗೆ ದಾರಿ ತೋರಿಸಿದವರು ಅವಳ ರವಿಕೆ ಹೊಲಿಯುವ ಟೈಲರಮ್ಮ: ಎಡ ಭುಜದ ಒಳಗೆ ದಪ್ಪ ಬಟ್ಟೆಯ ಎರಡು ಮಡಿಕೆ ಹೊಲಿದುಕೊಟ್ಟರು. ಮೊದಲೇ ಅಲ್ಲಿ ಒಂದೆಳೆ ಬಟ್ಟೆ ಇದ್ದೇ ಇತ್ತು, ಬೆವರಿಗೆ ನೆನೆದಾಗ ಅದು ನಿಕಲ್ಲನ್ನು ತಡೆಯುತ್ತಿರಲಿಲ್ಲ. ನೆರಿಗೆಯ ಪಿನ್ನು ಬಿಟ್ಟಳು. ಕೊರಳಿನ ಪಿನ್ನುಗಳು ಪರ್ಸಿಗೆ ಹೋದವು. ಓಲೆಗೆ ಚಿನ್ನದ ತಿರುಪು ಮಾಡಿಸಿದರು.

ಇಷ್ಟರಲ್ಲಿ ಆಕೆ ಮೊಬೈಲಿನಲ್ಲಿ ನೋಡಿ ಬೇಳೆ, ಗೋಡಂಬಿ, ಕಡಲೆಕಾಯಿ, ಚಾಕಲೇಟು ಎಲ್ಲ ಬಿಟ್ಟಿದ್ದಳು, ಸ್ಟೀಲ್ ಪಾತ್ರೆ ಬದಲಿಸುವ ಮಾತು ಮನೆಯಲ್ಲಿ ನಡೆದಿತ್ತು. ಆ ತಿನಿಸುಗಳಲ್ಲಿ ನಿಕಲ್ ಹೆಚ್ಚಿರುವುದು ನಿಜ, 18/8 ಎಂದು ಕರೆಯುವ ಸ್ಟೀಲಿನಲ್ಲಿ ಆ 8 ನಿಕಲ್ಲೇ ಎಂಬುದೂ ನಿಜ. ಆದರೆ ಸ್ಟೀಲಿನ ಮೇಲಿನ ಕ್ರೋಮಿಯಂ ಪೊರೆ ಅದನ್ನು ಹಿಡಿದಿಡುತ್ತದೆ, ಪಾತ್ರೆ ಮುಟ್ಟಿದರೆ ಚರ್ಮಕ್ಕೆ ಇಳಿಯುವುದು ತೀರಾ ಕಡಿಮೆ. ಊಟದ ಪಥ್ಯದ ಯೋಚನೆ ಬರುವುದು ಲೋಹದ ಸ್ಪರ್ಶ ಪೂರ್ತಿ ತಪ್ಪಿಸಿದ ಮೇಲೂ ಅಂಗೈಯಲ್ಲಿ ಗುಳ್ಳೆ ಏಳುತ್ತಲೇ ಇರುವ ಕೆಲವರಿಗೆ. ಇವಳು ಆ ಪೈಕಿ ಅಲ್ಲ. ಬೇಳೆಸಾರು ತಿನ್ನು ಎಂದೆ, ಬದನೆಕಾಯಿಯನ್ನೂ ತಿನ್ನು ಎಂದೆ.

ಆರು ವಾರಕ್ಕೆ ನವೆ ನಿಂತಿತು. ಕಪ್ಪು ಕಲೆ ಮಾಸಲು ಇನ್ನೂ ಐದಾರು ತಿಂಗಳು ಹಿಡಿಯಿತು.

ಕಾರ್ತಿಕದಲ್ಲಿ ನಾದಿನಿಯ ಮದುವೆ. ಬಾಡಿಗೆಗೆ ತಂದ ಸೆಟ್ಟು ಹಾಕಿಕೊಂಡು ಐದು ಗಂಟೆ ಚೌಟ್ರಿಯಲ್ಲಿ ಓಡಾಡಿದಳು. ಅಂದು ಏನಿಲ್ಲ, ಮರುದಿನವೂ ಏನಿಲ್ಲ. ಮೂರನೆಯ ದಿನ ಬೆಳಗ್ಗೆ ಕೊರಳ ಸುತ್ತ ಹಗ್ಗ ಕಟ್ಟಿದಂತೆ ಕೆಂಪು. ಮನೆಯವರು ಬೀಗರೂಟದ ಎಣ್ಣೆಗಾಯಿಯನ್ನು ಹಿಡಿದರು. ಇವಳು ಫೋನು ಮಾಡಿ, "ಎಣ್ಣೆಗಾಯಿ ಅಲ್ಲ ಮೇಡಂ, ಬೆರಳು ಮಡಿಚಿ ಎಣಿಸಿದೆ, ಸೆಟ್ಟು ಹಾಕಿ ಎರಡು ರಾತ್ರಿ ಕಳೆದಿದೆ" ಅಂದಳು. ನಿಕಲ್ ಒಂದರಿಂದ ಮೂರು ದಿನ ತಡ ಮಾಡಿ ಸೇಡು ತೀರಿಸಿಕೊಳ್ಳುವುದರಿಂದಲೇ ಜನ ನಿನ್ನೆ ತಿಂದದ್ದನ್ನು ದೂರುತ್ತಾರೆ, ಮೊನ್ನೆ ತೊಟ್ಟದ್ದನ್ನು ಮರೆಯುತ್ತಾರೆ. ಮನೆಯಲ್ಲಿದ್ದ ಮುಲಾಮಿನಲ್ಲೇ ವಾರದೊಳಗೆ ಅದು ಇಳಿಯಿತು.

ಆಮೇಲೆ ನನ್ನಲ್ಲಿ ಬದಲಾದದ್ದು

ಈಗ ನನ್ನ ಮೇಜಿನ ಮೇಲೆ ಬಿಳಿ ಪ್ಲಾಸ್ಟಿಕ್ ತಟ್ಟೆಯೊಂದಿದೆ. ಕಿವಿ, ಕೊರಳು, ಮುಂಗೈ, ಹೊಕ್ಕುಳ ಸುತ್ತ ಇಸುಬು ಕಂಡರೆ "ಏನು ಹಾಕಿಕೊಳ್ಳುತ್ತೀರಿ" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಕೇಳಿದರೆ ಒಡವೆಯ ಹೆಸರು ಮಾತ್ರ ಬರುತ್ತದೆ. ಪಿನ್ನು, ತಿರುಪು, ಜೀನ್ಸಿನ ಗುಂಡಿ, ಬೆಲ್ಟಿನ ಬಕಲು ಯಾರ ಬಾಯಿಗೂ ಬರುವುದಿಲ್ಲ. ಮೈಮೇಲಿನ ಲೋಹವೆಲ್ಲ ತಟ್ಟೆಗೆ ಹಾಕಿ ಎನ್ನುತ್ತೇನೆ, ತಾಳಿ ಒಂದನ್ನು ಬಿಟ್ಟು. ಅದನ್ನು ಕೊರಳಿನಲ್ಲೇ ಇಟ್ಟು ಹತ್ತಿ ಉಜ್ಜುತ್ತೇನೆ. ಯುರೋಪಿನ ಒಕ್ಕೂಟ 1994ರಲ್ಲೇ ಮೈಗೆ ತಾಗುವ ವಸ್ತುಗಳಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ ಅರ್ಧ ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡುಗಡೆಯಾಗಕೂಡದೆಂದು ಮಿತಿ ಹಾಕಿತು. ನಮ್ಮ ಪೇಟೆಯ ಪಿನ್ನಿನ ಪೊಟ್ಟಣದ ಮೇಲೆ ಲೇಪ ಯಾವುದೆಂದು ಬರೆದದ್ದನ್ನು ನಾನಿನ್ನೂ ಕಂಡಿಲ್ಲ. ಆದ್ದರಿಂದ ಬಾಟಲಿ ಡ್ರಾಯರಿನಲ್ಲೇ ಇರುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಅತ್ತೆ ತಮ್ಮ ಮಂಡಿನೋವಿಗೆ ಪಕ್ಕದ ಡಾಕ್ಟರ ಬಳಿ ಬಂದವರು ನನ್ನ ಕೋಣೆಗೂ ಇಣುಕಿದರು. ಸೆರಗಿನ ಮರೆಯಿಂದ ತಮ್ಮ ಸರ ಹೊರಗೆಳೆದರು. ಏಳು ಪಿನ್ನು. "ಇವನ್ನೂ ಒಂದ್ಸಲ ಉಜ್ಜಿ ನೋಡಿ."

ಉಜ್ಜಿದೆ. ಏಳೂ ಗುಲಾಬಿ.

ಅತ್ತೆ ತಮ್ಮ ಎದೆಯ ಚರ್ಮವನ್ನು ಬಗ್ಗಿ ನೋಡಿಕೊಂಡರು. ಮೂವತ್ತು ವರ್ಷದಿಂದ ಪಿನ್ನು ಹೊತ್ತ ಚರ್ಮ, ಒಂದು ಗೀರೂ ಇಲ್ಲ. "ನಂಗೇನೂ ಆಗಿಲ್ವಲ್ಲ?" ಅಂದರು.

"ಆಗೋ ತನಕ ಹಾಕ್ಕೊಳ್ಳಿ" ಎಂದೆ. ಒಂದೊಂದಾಗಿ ಏಳನ್ನೂ ಮತ್ತೆ ಸಿಕ್ಕಿಸಿಕೊಂಡು ಎದ್ದರು.